ಆರು ಗಜದ ದುಪಟ್ಟಾ, ಕತ್ತರಿಸಿದ ಅಂಚು

ಕಲಬುರಗಿಯ ನನ್ನ ಗೆಳತಿ ತಂಗಿಯನ್ನು ಕರೆದುಕೊಂಡು ಹೈದರಾಬಾದಿಗೆ ಬಂದಾಗ ಅವಳ ಕೈಯಲ್ಲಿ ಹಳೆಯ ದಿಂಬಿನ ಚೀಲವೊಂದಿತ್ತು. ಅದರೊಳಗೆ ಮಲ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದು ಅವಳ ನಾನಿಯ ಮದುವೆಯ ಜೋಡು: ಒಂದು ಚೋಲಿ, ಒಂದು ತೆಳು ಕುರ್ತಿ, ಆರು ಗಜದ ಖಡಾ ದುಪಟ್ಟಾ. ಚೂಡಿದಾರ್ ಎಂದೋ ಹರಿದು ಹೋಗಿತ್ತಂತೆ. ತಂಗಿಯ ಹಟ ಒಂದೇ, ನಿಕಾಹ್‌ಗೆ ಅಂಗಡಿಯ ‘ನಿಜಾಮಿ ಸ್ಟೈಲ್’ ಬೇಡ, ಇದೇ ಬೇಕು. ತೊಡಕುಗಳು ಎರಡು. ನಾನಿ ಕಡ್ಡಿಯಂಥ ಹುಡುಗಿಯಾಗಿದ್ದಾಗ ಹೊಲಿಸಿದ ಚೋಲಿ ಈ ಹುಡುಗಿಯ ತೋಳಿನಲ್ಲೇ ನಿಂತುಬಿಡುತ್ತಿತ್ತು. ಇನ್ನು ದುಪಟ್ಟಾದ ಜರಿಯ ಅಂಚನ್ನು ಯಾರೋ ನಾಲ್ಕೂ ಕಡೆ ಕತ್ತರಿಯಿಂದ ನೀಟಾಗಿ ತೆಗೆದಿದ್ದರು.

ಖಡಾ ದುಪಟ್ಟಾ ಹೈದರಾಬಾದಿನ ಮುಸ್ಲಿಂ ಮದುಮಗಳ ಉಡುಪು. ಬೀದರ, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ರಾಜ್ಯ ಹರಿದು ಹಂಚಿಹೋದರೂ ಮದುವೆಯ ಬಟ್ಟೆಗೆ ರೈಲು ಹತ್ತುವುದು ಹೈದರಾಬಾದಿಗೇ. ಅಂಗಡಿಯವರನ್ನು ಕೇಳಿದರೆ ಇದು ಮೊಘಲರ ಕಾಲದ್ದು ಎನ್ನುತ್ತಾರೆ. ಉಡುಪನ್ನು ಬಿಡಿಸಿ ನೋಡಿದರೆ ನನಗೆ ಕಾಣುವುದು ಬೇರೆ. ಬಿಗಿಯಾದ ಚೂಡಿದಾರ್ ಉತ್ತರದ ದರ್ಬಾರುಗಳ ಉಡುಪು. ಆದರೆ ಮೈಸುತ್ತಿ ಹೆಗಲಿಗೇರುವ ಆರು ಗಜದ ಬಟ್ಟೆ? ಅದು ದಖ್ಖನಿನ ಸೀರೆಗೆ ಹತ್ತಿರದ ನೆಂಟ. ಎಡ ಭುಜದ ಮೇಲೆ ನೆರಿಗೆ ಕೂರಿಸಿ, ಒಂದು ಪಾಲು ಮುಂದೆ, ಒಂದು ಪಾಲು ಹಿಂದೆ ಇಳಿಬಿಟ್ಟು, ಸೊಂಟದ ಬಳಿ ಪಿನ್ನು ಹಾಕುತ್ತಾರೆ. ಇದರಲ್ಲೂ ಮನೆಗೊಂದು ಪಾಠ. ತಲೆಯ ಮೇಲೆ ಘೂಂಘಟ್‌ಗೆ ಇನ್ನೊಂದು ಸಣ್ಣ ದುಪಟ್ಟಾ, ಹಣೆಗೆ ಟೀಕಾ, ಪಕ್ಕಕ್ಕೆ ಝೂಮರ್, ಕೊರಳಿಗೆ ಚಿಂತಾಕ್, ಅದರ ಕೆಳಗೆ ಏಳೆಳೆಯ ಮುತ್ತಿನ ಸತ್‌ಲಡಾ.

ಭಾಷೆ ಓದಿದವಳ ಚಟ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ‘ದುಪಟ್ಟಾ’ ಎಂದರೆ ಎರಡು ಪಟ್ಟು, ಎರಡು ಅಗಲದ ಬಟ್ಟೆ. ನಮ್ಮ ಅಜ್ಜಿಯರು ಹೊದೆಯುತ್ತಿದ್ದ ‘ದುಪ್ಪಟಿ’ಯೂ ಅದೇ ಮಾತು. ಒಂದು ಮದುಮಗಳ ಹೆಗಲಿಗೆ ಹೋಯಿತು, ಇನ್ನೊಂದು ಚಳಿಗಾಲದ ಹಾಸಿಗೆಗೆ. ‘ಖಡಾ’ ಎಂದರೆ ನಿಂತದ್ದು. ಕತ್ತರಿಸದ ಇಡೀ ಬಟ್ಟೆ ಎಂದು ಅರ್ಥ ಹೇಳುವವರೂ ಇದ್ದಾರೆ. ಉಟ್ಟು ನೋಡಿದವರು ಮೊದಲ ಅರ್ಥವನ್ನೇ ಒಪ್ಪುತ್ತಾರೆ, ಇದನ್ನುಟ್ಟು ಸಲೀಸಾಗಿ ಕೂರಲು ಆಗುವುದಿಲ್ಲ.

ಹೈದರಾಬಾದಿನಲ್ಲಿ ಹಳೆಯ ಉಡುಪು ಅಂದರೆ ಎಲ್ಲರೂ ಮೊದಲು ಕಳಿಸುವುದು ಪುರಾನಿ ಹವೇಲಿಗೆ. ಅಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಪಾಷಾರ ತೇಗದ ವಾರ್ಡ್‌ರೋಬ್ ಇದೆ. ಉದ್ದ 176 ಅಡಿ ಎನ್ನುತ್ತಾರೆ, ಎರಡು ಅಂತಸ್ತು. ಒಮ್ಮೆ ತೊಟ್ಟ ಬಟ್ಟೆಯನ್ನು ಅವರು ಮತ್ತೆ ತೊಡುತ್ತಿರಲಿಲ್ಲವೆಂಬ ಕಥೆಯೂ ಜೊತೆಗೇ ಬರುತ್ತದೆ. ಒಬ್ಬ ಗಂಡಸಿನ ಕಪಾಟಿಗೆ ಇಷ್ಟು ಜಾಗ. ಊರಿನ ಸಾವಿರಾರು ಮದುಮಗಳ ದುಪಟ್ಟಾಗಳು ಎಲ್ಲಿ ಹೋದವು?

ಕರಗಿ ಹೋದವು. ಇದು ಅಲಂಕಾರದ ಮಾತಲ್ಲ. ಹಳೆಯ ಅಸಲಿ ಜರಿ ಎಂದರೆ ರೇಷ್ಮೆಯ ನೂಲಿಗೆ ಸುತ್ತಿದ ಬೆಳ್ಳಿಯ ತಗಡು, ಮೇಲೆ ಚಿನ್ನದ ಲೇಪ. ಬಟ್ಟೆ ಸುಟ್ಟರೆ ರೇಷ್ಮೆ ಬೂದಿ, ಬೆಳ್ಳಿ ಉಳಿಯುತ್ತದೆ. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ, ಮರುವರ್ಷ ಜಾಗೀರುಗಳ ರದ್ದತಿ. ಜಾಗೀರಿನ ಆದಾಯವನ್ನೇ ನಂಬಿದ್ದ ಮನೆಗಳಲ್ಲಿ ಟ್ರಂಕುಗಳು ತೆರೆದವು. ಮೊದಲು ಒಡವೆ, ಆಮೇಲೆ ಪಾತ್ರೆ, ಕೊನೆಗೆ ಬಟ್ಟೆ. ‘ಹಳೇ ಜರಿ ಸೀರೆ ಕೊಳ್ತೇವೆ’ ಎಂಬ ಕೂಗು ಬೆಂಗಳೂರು, ಮೈಸೂರಿನವರಿಗೂ ಹೊಸತಲ್ಲ.

ಗೆಳತಿಯ ಮನೆಯಲ್ಲಿ ದುಪಟ್ಟಾ ಆ ಸುತ್ತಿನಲ್ಲಿ ಬಚಾವಾಯಿತು. ಅದಕ್ಕೆ ಕತ್ತರಿ ಬಿದ್ದದ್ದು 1980ರಲ್ಲಿ. ಅಮೆರಿಕದ ಟೆಕ್ಸಸ್‌ನ ಹಂಟ್ ಸಹೋದರರು ಜಗತ್ತಿನ ಬೆಳ್ಳಿಯನ್ನು ಗುಡ್ಡೆ ಹಾಕಲು ಹೊರಟಿದ್ದರಿಂದ ಆ ಜನವರಿಯಲ್ಲಿ ಒಂದು ಔನ್ಸ್ ಬೆಳ್ಳಿ 50 ಡಾಲರ್ ಸಮೀಪಕ್ಕೆ ಏರಿತ್ತು, ಮಾರ್ಚ್‌ನಲ್ಲಿ ಕುಸಿಯಿತು. ಕಲಬುರಗಿಯ ಓಣಿಗೂ ಆ ದರದ ಬಿಸಿ ತಾಗಿತ್ತು. ನಾನಿ ಇಡೀ ದುಪಟ್ಟಾ ಕೊಡಲಿಲ್ಲ, ಅಂಚನ್ನಷ್ಟೇ ಬಿಚ್ಚಿ ಕೊಟ್ಟರು. ಆ ರೊಕ್ಕದಲ್ಲಿ ಮಗಳ ಟೀಚರ್ ಟ್ರೇನಿಂಗಿನ ಫೀಸು ಕಟ್ಟಿದರಂತೆ. ಗೆಳತಿಯ ಅಮ್ಮಿ ನಿವೃತ್ತರಾದದ್ದು ಹೆಡ್‌ಮಿಸ್ಟ್ರೆಸ್ ಆಗಿ.

ಪತ್ಥರ್‌ಗಟ್ಟಿಯ ಹಿಂದಿನ ಗಲ್ಲಿಯಲ್ಲಿ ನಮಗೆ ಸಿಕ್ಕ ಕಾರೀಗರ್ ಚಾಚಾ ಈ ಕಥೆ ಕೇಳಿ ಅಂಚಿನ ಜಾಗವನ್ನು ಬೆರಳಿನಿಂದ ಸವರಿದರು. ಅವರ ಅಂಗಡಿಯ ಬೋರ್ಡಿನಲ್ಲಿ ‘ಮಗ್ಗಂ ವರ್ಕ್’ ಎಂದಿತ್ತು. ಕನ್ನಡಿಗರು ಇದನ್ನೋದಿ ನೇಯ್ಗೆ ಎಂದುಕೊಳ್ಳಬಾರದು. ಬಟ್ಟೆಯನ್ನು ಬಿಗಿದು ಕಟ್ಟುವ ಮರದ ಚೌಕಟ್ಟಿಗೆ ಇಲ್ಲಿ ಮಗ್ಗ ಎನ್ನುತ್ತಾರೆ, ಅದರಿಂದ ಕಸೂತಿಗೂ ಅದೇ ಹೆಸರು ಬಂತು. ತಂಗಿ ಕೇಳಿದ್ದು ನಾಲ್ಕು ಬೆರಳಗಲದ ಜರ್ದೋಸಿ ಅಂಚು. ‘ನಕ್ಕೋ ಬೇಟಾ,’ ಎಂದರು ಚಾಚಾ. ಹಳೆಯ ಜಾಲಿ ಅಷ್ಟು ಭಾರ ತಡೆಯುವುದಿಲ್ಲ, ಒಂದೇ ಸಂಜೆಯಲ್ಲಿ ಹರಿಯುತ್ತದೆ. ಜೊತೆಗೆ ಅವಳು ಗಿಡ್ಡ, ತುಂಬಿದ ಮೈ. ಅಗಲವಾದ ಅಂಚು ಅವಳನ್ನು ಅಡ್ಡಡ್ಡ ಕತ್ತರಿಸಿದಂತೆ ಕಾಣುತ್ತದೆ. ಒಂದೂವರೆ ಬೆರಳಿನ ಗೋಟಾ ಸಾಕು, ನಡುವೆ ಅಲ್ಲಲ್ಲಿ ಮುಕೈಶ್ ಚುಕ್ಕಿ, ಭಾರ ಹೊರಲು ಅಂಚಿನ ಉದ್ದಕ್ಕೂ ಹೊಸ ಅಸ್ತರು. ಭುಜದ ನೆರಿಗೆ ಸಣ್ಣದಾಗಿ ಹಿಡಿದರೆ ಮೇಲಿಂದ ಕೆಳಕ್ಕೆ ಗೆರೆ ಬೀಳುತ್ತದೆ, ಎತ್ತರ ಕಾಣುತ್ತಾಳೆ.

ಚೋಲಿ, ಕುರ್ತಿಯ ಸಂಗತಿ ನನಗೆ ಇನ್ನೂ ಸ್ವಾರಸ್ಯವೆನಿಸಿತು. ಈಗಿನ ಬ್ಲೌಸ್ ಟಕ್ಸ್ ಹಿಡಿದು ಮೈಗೆ ಕೂರಿಸುವ ಹೊಲಿಗೆ, ಒಬ್ಬಳಿಗೆ ಹೊಲಿದದ್ದು ಇನ್ನೊಬ್ಬಳಿಗೆ ಸುಲಭವಾಗಿ ಆಗದು. ಹಳೆಯ ಕುರ್ತಿ ನೇರವಾದ ತುಂಡುಗಳು, ಪಕ್ಕಕ್ಕೆ ಕಳಿ, ಕಂಕುಳಡಿಯಲ್ಲಿ ಒಂದು ಚೌಕದ ತುಂಡು. ಬಟ್ಟೆ ತುಟ್ಟಿಯಾಗಿದ್ದ ಕಾಲದ ಜಾಣತನ ಇದು, ಹೆರಿಗೆಯ ನಂತರ ಮೈ ಬದಲಾದರೆ ಆ ಚೌಕ ಬಿಚ್ಚಿ ದೊಡ್ಡದು ಇಟ್ಟರಾಯಿತು. ಚಾಚಾ ಹೊಲಿಗೆ ಬಿಚ್ಚಿದಾಗ ಒಳಗೆ ಎರಡು ಬೆರಳು ಬಟ್ಟೆ ಮಡಚಿಕೊಂಡಿತ್ತು. ಬಿಸಿಲು ಕಾಣದ ಆ ಪಟ್ಟಿಯಲ್ಲಿ ಮೂಲ ಬಣ್ಣ ಹಾಗೇ ಇತ್ತು, ಕಡು ಕೆಂಪು. ನಾವೆಲ್ಲ ಅದನ್ನು ಇಟ್ಟಿಗೆ ಬಣ್ಣ ಎಂದುಕೊಂಡಿದ್ದೆವು.

ಚೂಡಿದಾರ್‌ಗೆ ಮಶ್ರೂ ಆಯ್ದೆವು. ಹೊರಗೆ ರೇಷ್ಮೆ, ಒಳಗೆ ಹತ್ತಿ. ಹೆಸರಿನ ಅರ್ಥವೇ ಅನುಮತಿ ಉಳ್ಳದ್ದು. ಅಪ್ಪಟ ರೇಷ್ಮೆ ಮೈಗೆ ತಾಗಬಾರದೆಂಬ ನಿಯಮವನ್ನು ನೇಕಾರರು ನಿಭಾಯಿಸಿದ ಬಗೆ ಇದು. ನಿಯಮ ಗಂಡಸರಿಗೆ, ಬಟ್ಟೆ ಮಾತ್ರ ಎಲ್ಲರಿಗೂ ಸಿಕ್ಕಿತು. ಮಶ್ರೂ, ಹಿಮ್ರೂ ನೇಯ್ಗೆ ಹೈದರಾಬಾದಿನಲ್ಲಿ ಉಳಿದಿದ್ದರೆ ಅದರ ದೊಡ್ಡ ಪಾಲಿನ ಶ್ರೇಯ ಸುರೈಯಾ ಹಸನ್ ಬೋಸ್ ಅವರಿಗೆ. ವಿಧವೆಯರಿಗೆ ಮಗ್ಗ ಕಲಿಸಿ, ಇಳಿವಯಸ್ಸಿನವರೆಗೂ ಆ ಕೆಲಸ ನಡೆಸಿ 2021ರಲ್ಲಿ ತೀರಿಕೊಂಡರು. ಹಳೆ ಮಾದರಿಯ ಉಡುಪು ಬೇಕೆನ್ನುವವರು ವಿನ್ಯಾಸದ ಫೋಟೊ ಹುಡುಕುವ ಮೊದಲು ಬಟ್ಟೆಯನ್ನು ಮುಟ್ಟಿ ನೋಡಬೇಕು. ಪಾಲಿಯೆಸ್ಟರ್ ಜಾಲಿಗೆ ಎಷ್ಟೇ ಮುತ್ತು ಹಚ್ಚಿದರೂ ಅದು ಭುಜದಿಂದ ಇಳಿಯುವುದಿಲ್ಲ, ಕೊಡೆಯಂತೆ ನಿಲ್ಲುತ್ತದೆ.

2010ರ ಏಪ್ರಿಲ್‌ನಲ್ಲಿ ಸಾನಿಯಾ ಮಿರ್ಜಾ ತಾಯಿಯ ಮದುವೆಯ ಕೆಂಪು ಸೀರೆಯುಟ್ಟು ನಿಕಾಹ್‌ಗೆ ಕೂತಿದ್ದರು. ಸೀರೆಗೆ ಅಳತೆಯ ಗೋಜಿಲ್ಲ. ಖಡಾ ದುಪಟ್ಟಾದಲ್ಲಿ ಮಾತ್ರ ಅರ್ಧ ಉಡುಪು ಯಾರ ಮೈಗಾದರೂ ಒಗ್ಗುತ್ತದೆ, ಇನ್ನರ್ಧ ಒಬ್ಬಳದೇ.

ನಿಕಾಹ್ ದಿನ ಕಲಬುರಗಿಯಲ್ಲಿ ಪಿನ್ನು ಹಾಕಲು ಮೂವರು ಖಾಲಾಗಳು ನಿಂತರು. ನೆರಿಗೆ ಎಷ್ಟಿರಬೇಕು ಎಂಬುದರ ಮೇಲೆ ಅರ್ಧ ಗಂಟೆ ವಾದ ನಡೆಯಿತು. ಅಷ್ಟು ಹೊತ್ತೂ ಹುಡುಗಿ ನಿಂತೇ ಇದ್ದಳು. ಕೊನೆಗೆ ಅಮ್ಮಿ ಬಂದು ಎಲ್ಲರನ್ನೂ ಸರಿಸಿ, ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡು, ಒಂದೊಂದೇ ನೆರಿಗೆ ಎಣಿಸತೊಡಗಿದರು.