ಕಪ್ಪೆಚಿಪ್ಪು: ಒಂದು ಪದದ ಪಯಣ



ಕರಾವಳಿಯವರಿಗೆ ಕಪ್ಪೆಚಿಪ್ಪು ಹೊಸತೇನಲ್ಲ. ಅಳಿವೆಯ ಮರಳಿನಿಂದ ಹೆಕ್ಕಿ ತಂದ ಮರುವಾಯಿ ಅಡುಗೆಯಾಗುತ್ತದೆ. ಉಳಿದ ಚಿಪ್ಪನ್ನು ಸುಟ್ಟು ನೀರು ಹಾಕಿದರೆ ಸುಣ್ಣ. ಹಳೆಯ ಗೋಡೆಗಳಿಗೂ ಹಿರಿಯರ ವೀಳ್ಯದೆಲೆಗೂ ಆ ಸುಣ್ಣ ಒದಗಿದೆ.

ಈ ಚಿಪ್ಪಿಗೆ ಇಂಗ್ಲಿಷಿನಲ್ಲಿ 'ಕ್ಲ್ಯಾಮ್‌ಶೆಲ್' ಎಂದು ಹೆಸರು. ಎರಡು ಹೋಳು, ನಡುವೆ ಒಂದು ಕೀಲು, ಒಳಗೆ ಮೆತ್ತನೆಯ ಜೀವ. ಅಪಾಯ ಕಂಡರೆ ಒಳಗಿನ ಸ್ನಾಯು ಬಿಗಿದು ಚಿಪ್ಪು ಮುಚ್ಚುತ್ತದೆ. ಈ ರಚನೆಯನ್ನು ಹೋಲುವ ಅನೇಕ ವಸ್ತುಗಳಿಗೆ ಮನುಷ್ಯ ಅದೇ ಹೆಸರಿಟ್ಟ. ಹೂಳೆತ್ತುವ ಯಂತ್ರದ ಎರಡು ದವಡೆಯ ತೊಟ್ಟಿ ಕ್ಲ್ಯಾಮ್‌ಶೆಲ್. 1982ರಲ್ಲಿ ಬಂದ ಗ್ರಿಡ್ ಕಂಪಾಸ್ ಕಂಪ್ಯೂಟರಿನ ಪರದೆ ಕೀಲಿಮಣೆಯ ಮೇಲೆ ಮಡಚಿಕೊಳ್ಳುತ್ತಿತ್ತು. ಬಿಲ್ ಮಾಗ್ರಿಡ್ಜ್ ರೂಪಿಸಿದ ಆ ವಿನ್ಯಾಸವೂ ಕ್ಲ್ಯಾಮ್‌ಶೆಲ್. ಇಂದಿನ ಲ್ಯಾಪ್‌ಟಾಪ್‌ಗಳು ಅದೇ ದಾರಿಯಲ್ಲಿವೆ. 1996ರಲ್ಲಿ ಮೊಟೊರೋಲಾದ ಸ್ಟಾರ್‌ಟ್ಯಾಕ್ ಮಡಚುವ ಮೊಬೈಲನ್ನು ಜನಪ್ರಿಯಗೊಳಿಸಿತು.

ಇನ್ನು ಇದೇ ಹೆಸರಿನ ಎರಡು ಪೆಟ್ಟಿಗೆಗಳನ್ನು ನೋಡಿ.

ಮೊದಲನೆಯದು ಗ್ರಂಥಾಲಯದ್ದು. ಸ್ವೀಡನ್ನಿನ ಸಸ್ಯವಿಜ್ಞಾನಿ ಡೇನಿಯಲ್ ಸೊಲ್ಯಾಂಡರ್ 1763ರಿಂದ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡಿದವರು. 1768ರಲ್ಲಿ ಕ್ಯಾಪ್ಟನ್ ಕುಕ್ ಜೊತೆ ಸಮುದ್ರಯಾನಕ್ಕೂ ಹೋದರು. ಪುಸ್ತಕದಂತೆ ತೆರೆಯುವ ಗಟ್ಟಿ ಪೆಟ್ಟಿಗೆಗೆ ಇಂದಿಗೂ ಅವರದೇ ಹೆಸರಿದೆ. ಇದೇ ಬಗೆಯ ಕ್ಲ್ಯಾಮ್‌ಶೆಲ್ ಪೆಟ್ಟಿಗೆಗಳಲ್ಲಿ ಗ್ರಂಥಾಲಯಗಳು ಅಪರೂಪದ ಹಸ್ತಪ್ರತಿಗಳನ್ನು ಧೂಳು, ಬೆಳಕುಗಳಿಂದ ಕಾಪಾಡುತ್ತವೆ.

ಎರಡನೆಯದು ತಿಂಡಿಯದು. ಅಮೆರಿಕದ ಮೆಕ್‌ಡೊನಾಲ್ಡ್ಸ್ ತನ್ನ ಬರ್ಗರನ್ನು ಪಾಲಿಸ್ಟೈರೀನ್ ನೊರೆಯ ಕ್ಲ್ಯಾಮ್‌ಶೆಲ್‌ನಲ್ಲಿ ಕೊಡುತ್ತಿತ್ತು. ತಿನ್ನಲು ಕೆಲವೇ ನಿಮಿಷ. ಬಿಸಾಡಿದ ಪೆಟ್ಟಿಗೆ ಮಾತ್ರ ತಲೆಮಾರುಗಳವರೆಗೆ ಕೊಳೆಯದು. ಪರಿಸರ ಸಂಘಟನೆಗಳು ಇದನ್ನು ವಿರೋಧಿಸಿದವು. ಶಾಲಾ ಮಕ್ಕಳೂ ದನಿಗೂಡಿಸಿದರು. ಕೊನೆಗೆ 1990ರ ನವೆಂಬರಿನಲ್ಲಿ ಅಮೆರಿಕದಲ್ಲಿ ಆ ಪೆಟ್ಟಿಗೆಯನ್ನು ಕೈಬಿಡುವುದಾಗಿ ಕಂಪನಿ ಘೋಷಿಸಿತು. ವಿದ್ಯಾರ್ಥಿಗಳೇ, ನಿಮ್ಮ ವಯಸ್ಸಿನವರ ಮಾತಿಗೂ ಬೆಲೆಯಿದೆ ಎಂಬುದನ್ನು ಇಲ್ಲಿ ಗಮನಿಸಿ.

ಹೆಸರು ಒಂದೇ, ಆಕಾರವೂ ಒಂದೇ. ಒಂದು ಪೆಟ್ಟಿಗೆ ಮುಂದಿನವರಿಗಾಗಿ ಜ್ಞಾನವನ್ನು ಉಳಿಸುತ್ತದೆ, ಇನ್ನೊಂದು ಮುಂದಿನವರ ಪಾಲಿಗೆ ಕಸವನ್ನು ಉಳಿಸುತ್ತದೆ. ಯಾವುದನ್ನು, ಎಷ್ಟು ಕಾಲ ಕಾಪಾಡಬೇಕೆಂಬ ವಿವೇಕ ಮಾತ್ರ ನಮಗೆ ಬಿಟ್ಟದ್ದು.

ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಪುಸ್ತಕ, ಪತ್ರ, ಜಮೀನಿನ ದಾಖಲೆ ಇರಬಹುದು. ಮಳೆಗಾಲದ ತೇವಕ್ಕೂ ಗೆದ್ದಲಿಗೂ ಅವು ಬಲಿಯಾಗುವ ಮೊದಲು ಕೆಳಗಿಳಿಸಿ, ಧೂಳು ಒರೆಸಿ. ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಗೋಡೆಗೆ ತಾಗದಂತೆ ಒಣ ಜಾಗದಲ್ಲಿರಿಸಿ. ಯಾರ ಬರಹ, ಯಾವ ವರ್ಷದ್ದು ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಹೇಳಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.