ಟೇಲರ್ ಹೇಳಿದ ಸಾವು

ಹೈದರಾಬಾದಿನ ಸುಲ್ತಾನ್ ಬಜಾರಿಗೆ ಮೊದಲು ರೆಸಿಡೆನ್ಸಿ ಬಜಾರ್ ಎಂಬ ಹೆಸರಿತ್ತು. ಪಕ್ಕದಲ್ಲೇ ಬ್ರಿಟಿಷ್ ರೆಸಿಡೆಂಟನ ಬಂಗಲೆ. 1933ರಲ್ಲಿ ಈ ಪ್ರದೇಶ ನಿಜಾಮರಿಗೆ ಮರಳಿದ ಮೇಲೆ ಹೆಸರು ಬದಲಾಯಿತು. ಬಂಗಲೆ ಮುಂದೆ ಮಹಿಳಾ ಕಾಲೇಜಾಯಿತು. ಕನ್ನಡ ನಾಡಿನ ಒಬ್ಬ ಅರಸನ ಹಣೆಬರಹ ಬರೆದದ್ದು ಈ ಬಂಗಲೆಯ ಅಧಿಕಾರವೇ.

ಅವನು ಸುರಪುರದ ರಾಜಾ ವೆಂಕಟಪ್ಪ ನಾಯಕ. 1858ರ ಫೆಬ್ರುವರಿಯಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿ, ಸೋತು, ಹೈದರಾಬಾದಿಗೆ ಬಂದ. ಸಾಲಾರ್ ಜಂಗರ ಕಡೆಯವರು ಹಿಡಿದು ರೆಸಿಡೆಂಟನಿಗೆ ಒಪ್ಪಿಸಿದರು. ವಿಚಾರಣೆಯಲ್ಲಿ ಮರಣದಂಡನೆಯಾಯಿತು, ಆಮೇಲೆ ಅದು ಇಳಿಯುತ್ತ ಇಳಿಯುತ್ತ ನಾಲ್ಕು ವರ್ಷಗಳ ಸೆರೆಗೆ ಬಂದು ನಿಂತಿತು. ಆದರೆ ಸೆರೆಮನೆಗೆ ಒಯ್ಯುವ ದಾರಿಯಲ್ಲೇ ರಾಜ ಪಿಸ್ತೂಲಿನ ಗುಂಡಿಗೆ ಬಲಿಯಾದ.

ಈ ಕಥೆ ನಮಗೆ ಬಹುಮಟ್ಟಿಗೆ ಬಂದಿರುವುದು ಮೆಡೋಸ್ ಟೇಲರನ ಆತ್ಮಕಥೆಯಿಂದ. ರಾಜ ಹುಡುಗನಾಗಿದ್ದಾಗ, 1841ರಿಂದ 1853ರವರೆಗೆ, ಸುರಪುರದ ಆಡಳಿತ ನೋಡಿಕೊಂಡವನು ಟೇಲರ್. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಟೇಲರ್ ಸೆರೆಯಲ್ಲಿದ್ದ ರಾಜನನ್ನು ಕಂಡು ಮಾತಾಡಿದ. ತಾನು ಕಳ್ಳನಲ್ಲ, ನೇಣು ಬೇಡ, ತೋಪಿನ ಬಾಯಿಗೆ ಕಟ್ಟಿ ಎಂದು ರಾಜ ಕೇಳಿಕೊಂಡನಂತೆ. ಇದು ಕಣ್ಣಾರೆ ಕಂಡವನ ಮಾತು.

ಆದರೆ ಸಾವನ್ನು ಟೇಲರ್ ಕಂಡಿರಲಿಲ್ಲ, ಸುದ್ದಿಯಾಗಿ ಕೇಳಿದ. ಕಾವಲಿನ ಅಧಿಕಾರಿ ಇಟ್ಟುಹೋಗಿದ್ದ ಪಿಸ್ತೂಲಿನಿಂದ ರಾಜ ತಾನೇ ಗುಂಡು ಹಾರಿಸಿಕೊಂಡ ಎಂದು ಬರೆದ. ಅದಕ್ಕೊಂದು ಜಾತಕವನ್ನೂ ಜೋಡಿಸಿದ: 24ನೇ ವಯಸ್ಸಿನಲ್ಲಿ ರಾಜನಿಗೆ ಸಾವಿದೆ ಎಂದು ಸುರಪುರದ ಬ್ರಾಹ್ಮಣನೊಬ್ಬ ಬಹಳ ಹಿಂದೆಯೇ ಹೇಳಿದ್ದನಂತೆ. ಟೇಲರ್ 1876ರಲ್ಲಿ ತೀರಿಕೊಂಡ. ಮಗಳು ಸಂಪಾದಿಸಿದ ಪುಸ್ತಕ ಹೊರಬಂದದ್ದು 1877ರಲ್ಲಿ, ಅಂದರೆ ಘಟನೆಯಾಗಿ 19 ವರ್ಷಗಳ ನಂತರ.

ಟೇಲರ್ ಸುಳ್ಳು ಹೇಳಿದ ಎಂದು ನಾನು ಹೇಳುತ್ತಿಲ್ಲ. ಅವನು ಆ ಹುಡುಗನನ್ನು ಪ್ರೀತಿಸಿದ್ದ. ಅವನು ಕಾದಂಬರಿಕಾರನೂ ಹೌದು. 1839ರ ಅವನ ಠಕ್ಕರ ಕಾದಂಬರಿಯನ್ನು ಎಷ್ಟೋ ಜನ ದಾಖಲೆ ಎಂದೇ ಓದಿದರು. ಕಥೆಯ ಕೊನೆಯನ್ನು ಆರಂಭಕ್ಕೆ ಗಂಟು ಹಾಕುವುದು ಅವನ ಕೈಗೆ ಒಗ್ಗಿದ ಕೆಲಸ. ತೊಂದರೆ ಇರುವುದು ಆ ಗಂಟಿನಲ್ಲೇ. ಜಾತಕ ಬಂದೊಡನೆ ಸಾವು ವಿಧಿಯ ಪಾಲಾಗುತ್ತದೆ. ಬಿಗಿ ಕಾವಲಿನಲ್ಲಿದ್ದ ಕೈದಿಯ ಕೈಗೆಟಕುವಂತೆ ತುಂಬಿದ ಪಿಸ್ತೂಲು ಹೇಗೆ ಉಳಿಯಿತು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಬ್ರಿಟಿಷರೇ ಕೊಂದರು ಎಂಬ ಸಂದೇಹ ನಮ್ಮ ನಾಡಿನಲ್ಲಿ ಇಂದಿಗೂ ಇದೆ. ಅದಕ್ಕೂ ಪುರಾವೆ ಬೇಕು. ಆದರೆ ಆತ್ಮಕಥೆಯ ಕಥೆಯೊಂದೇ ಅದನ್ನು ಅಳಿಸಲಾರದು.

ಹಾಗಾದರೆ ಆತ್ಮಕಥೆ ಪೂರ್ತಿ ನಿಜವಾಗಿರಲೇಬೇಕೆ? ನೆನಪು ತಪ್ಪಬಹುದು, ತಾರೀಖು ಜಾರಬಹುದು, ಯಾವುದನ್ನು ಹೇಳಬೇಕೆಂದು ಬರೆಯುವವನು ಆರಿಸಿಕೊಳ್ಳಬಹುದು. ಇವೆಲ್ಲ ಕ್ಷಮ್ಯ. ಕಂಡದ್ದು, ಕೇಳಿದ್ದು, ಊಹಿಸಿದ್ದು, ಈ ಮೂರನ್ನು ಕಲಸಿ ಒಂದೇ ತಟ್ಟೆಯಲ್ಲಿ ಬಡಿಸುವುದು ಮಾತ್ರ ಕ್ಷಮ್ಯವಲ್ಲ. ಅದರಲ್ಲೂ ಸತ್ತವನು ಎದ್ದುಬಂದು ತನ್ನ ಮಾತು ಹೇಳಲಾರದಾಗ.

ಸುರಪುರದಲ್ಲಿ ಟೇಲರನ ಬಂಗಲೆ ಇನ್ನೂ ನಿಂತಿದೆ. ಅವನ ಪುಸ್ತಕವೂ ನಿಂತಿದೆ. ಸೆರೆಮನೆಯ ಭೇಟಿಯ ಪುಟಗಳನ್ನು ನಾನು ನಂಬುತ್ತೇನೆ. ಜಾತಕದ ಪುಟಕ್ಕೆ ಬಂದಾಗ ಪೆನ್ಸಿಲ್ ಹಿಡಿದು ಅಂಚಿನಲ್ಲೊಂದು ಪ್ರಶ್ನೆಚಿಹ್ನೆ ಹಾಕುತ್ತೇನೆ.