ದಾಸೋಹದ ಪಂಕ್ತಿಯಲ್ಲಿ ಹಿರಿಯರ ಸ್ಥಾನ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಕಪಿಲೆಯ ಮಡಿಲಲ್ಲಿ ಬೆಳೆದ ತಾಲ್ಲೂಕುಗಳು. ಶ್ರೀಕಂಠೇಶ್ವರನ ಸನ್ನಿಧಿಯ ಬಳಿ ಹರಿಯುವ ಈ ಹೊಳೆ ಸುತ್ತೂರನ್ನು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಇಂತಹ ನಾಡಿನ ಇತಿಹಾಸವೆಂದರೆ ಗುಡಿ, ಶಾಸನ, ಜಾತ್ರೆಗಳ ಇತಿಹಾಸ ಮಾತ್ರವಲ್ಲ; ದುಡಿಯಲಾರದ ಹಿರಿಯ ಜೀವಗಳಿಗೆ ಅನ್ನವು ಎಲ್ಲಿಂದ ಬಂದಿತು, ಯಾವ ಮರ್ಯಾದೆಯೊಡನೆ ಬಂದಿತು ಎಂಬುದೂ ಇತಿಹಾಸವೇ ಆಗಿದೆ.

ಮುಪ್ಪಿನ ಲಕ್ಷಣಗಳನ್ನು ಒಂದೊಂದಾಗಿ ಎಣಿಸಿ, ದೇಹ ಕುಸಿಯುವ ಮುನ್ನವೇ ಕೂಡಲಸಂಗಮನನ್ನು ಪೂಜಿಸೆಂದು ಬಸವಣ್ಣನವರು ಒಂದು ವಚನದಲ್ಲಿ ಎಚ್ಚರಿಸಿದ್ದಾರೆ. ಇದು ಮುಪ್ಪಿನ ನಿಂದೆಯಲ್ಲ, ಪೂಜೆಯನ್ನು ಮುಂದೂಡುವ ಮನಸ್ಸಿನ ನಿಂದೆ. ಮಾನವದೇಹವನ್ನೇ ದೇವಾಲಯವೆಂದು ಬಗೆದವರೂ ಅವರೇ. ಆ ದೃಷ್ಟಿಯಲ್ಲಿ ಜಂಗಮತ್ವವು ಕಾಲಿನ ಬಲದಲ್ಲಿಲ್ಲ, ಒಳಗಿನ ಚೈತನ್ಯದಲ್ಲಿದೆ. ಬೆನ್ನು ಬಾಗಿದವರೂ ಪೂಜ್ಯರೇ.

ಈ ನಿಲುವು ಆಚರಣೆಗೆ ಇಳಿದದ್ದು ದಾಸೋಹದಲ್ಲಿ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಾದರೋ ನೀಡುವವನೇ ದಾಸ. ಆದುದರಿಂದ ಪಂಕ್ತಿಯಲ್ಲಿ ಕುಳಿತ ಮುದುಕಿ ಭಿಕ್ಷುಕಿಯಲ್ಲ. ನಂಜನಗೂಡು ತಾಲ್ಲೂಕಿನ ಸುತ್ತೂರಿನ ಶ್ರೀಮಠವೂ, ಹತ್ತೊಂಬತ್ತನೆಯ ಶತಮಾನದ ದೇವನೂರು ಗುರುಮಲ್ಲೇಶ್ವರರ ಪರಂಪರೆಯ ದಾಸೋಹಮಠಗಳೂ ಈ ತತ್ತ್ವವನ್ನು ಹಳ್ಳಿಗಾಡಿನಲ್ಲಿ ಉಳಿಸಿಕೊಂಡು ಬಂದವು.

ಇಪ್ಪತ್ತನೆಯ ಶತಮಾನದಲ್ಲಿ ದಾಸೋಹವು ವಿದ್ಯೆಯತ್ತ ತಿರುಗಿತು. ಸುತ್ತೂರು ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು (1916–1986) ಬಡಮಕ್ಕಳಿಗಾಗಿ ಮೈಸೂರಿನಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದರು. 1954ರಲ್ಲಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ಹೊಲಗದ್ದೆಗಳ ದುಡಿಮೆಗೆ ಬೇಕಾಗಿದ್ದ ಮಕ್ಕಳನ್ನು ತಂದೆತಾಯಿಗಳು ಓದಲು ಕಳುಹಿಸಿಕೊಟ್ಟರು. ಓದಿದವರಲ್ಲಿ ಅನೇಕರು ಮೈಸೂರು, ಬೆಂಗಳೂರುಗಳಲ್ಲಿ ನೆಲೆನಿಂತರು. ವಿದ್ಯೆ ಸಾರ್ಥಕವಾಯಿತು, ನಿಜ. ಆದರೆ ಹಳ್ಳಿಯ ಜಗಲಿಯಲ್ಲಿ ಹಿರಿಯರು ಒಂಟಿಯಾದರು. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ನೂರಕ್ಕೆ ಸುಮಾರು 9.5, ದೇಶದ ಪ್ರಮಾಣ 8.6.

ರಾಜ್ಯಶಕ್ತಿಯೂ ಸುಮ್ಮನಿರಲಿಲ್ಲ. 1995ರ ಆಗಸ್ಟ್ 15ರಂದು ರಾಷ್ಟ್ರೀಯ ವೃದ್ಧಾಪ್ಯ ವೇತನ ಆರಂಭವಾಯಿತು. ಆಗ ಕೇಂದ್ರದ ನೆರವು ತಿಂಗಳಿಗೆ 75 ರೂಪಾಯಿ. 2007ರಲ್ಲಿ ಕರ್ನಾಟಕವು ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು ಮೊದಲಾದ ದುಡಿಮೆಗಾರರಲ್ಲಿ 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದಿತು. ಅದೇ ವರ್ಷ ಸಂಸತ್ತು ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಅಧಿನಿಯಮವನ್ನು ಅಂಗೀಕರಿಸಿತು. ಉಪವಿಭಾಗಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ನ್ಯಾಯಮಂಡಳಿಯ ಮುಂದೆ ಹಿರಿಯರು ಜೀವನಾಂಶವನ್ನು ಕೇಳಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಲ್ಲಿ, ಆ ಮಂಡಳಿ ಅಸಿಂಧುವೆಂದು ಸಾರಬಹುದು.

ಈ ಹಕ್ಕು ಅಮೂಲ್ಯವಾದುದು. ಅದನ್ನು ಹಿರಿಯರಿಗೆ ತಿಳಿಸಿಕೊಡುವುದೂ ಸೇವೆಯೇ. ಆದರೆ ಹೆತ್ತ ಮಗನ ಮೇಲೆ ದೂರು ಬರೆಯಲು ಎಷ್ಟು ತಾಯಂದಿರ ಕೈ ಏಳುತ್ತದೆ? ವೇತನವು ಹಸಿವನ್ನು ತಣಿಸೀತು. ತಾನು ಯಾರಿಗೂ ಬೇಡವಾದೆನೆಂಬ ಸಂಕಟವನ್ನು ತಣಿಸಲಾರದು. ಕಾನೂನು ನಿಲ್ಲುವಲ್ಲಿ ಸಮುದಾಯದ ಕೆಲಸ ಮೊದಲಾಗುತ್ತದೆ.

ಪ್ರಸಾದನಿಲಯದ ಅನ್ನವುಂಡು ಬೆಳೆದ ತಲೆಮಾರು ಈಗ ತೀರಿಸಬೇಕಾದ ಋಣವೊಂದಿದೆ. ಪಂಕ್ತಿಗೆ ಬರಲಾರದ ಹಿರಿಯರ ಮನೆಗೆ ಪ್ರಸಾದ ಹೋಗಬೇಕು; ಕಚೇರಿಗೆ ಅಲೆಯಲಾರದವರ ಅರ್ಜಿಯನ್ನು ಓದು ಬಲ್ಲ ತರುಣರು ಬರೆದುಕೊಡಬೇಕು; ಮನೆಯ, ಊರಿನ ವಿಚಾರಗಳಲ್ಲಿ ಅವರ ಮಾತನ್ನು ಕೇಳಬೇಕು. ಅನ್ನವನ್ನಿಟ್ಟು ಮಾತನ್ನು ಕೇಳದಿದ್ದರೆ ಅದು ದಾನವಾದೀತೇ ಹೊರತು ದಾಸೋಹವಾಗದು.